ನಿಂತು ಕಾಯುವ ಎಂಜಿನ್

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕೊಯಮತ್ತೂರಿನ ಅವಿನಾಶಿ ರಸ್ತೆಯ ದಟ್ಟಣೆಯಲ್ಲಿ ತೆವಳುವ ಕಾರುಗಳ ಪೈಕಿ ಕೆಲವು ಒಂದು ವಿಚಿತ್ರ ಲಕ್ಷಣವನ್ನು ತೋರುತ್ತವೆ. ಗಾಡಿ ನಿಂತಿರುವಷ್ಟು ಹೊತ್ತೂ ಉಷ್ಣತಾಮಾಪಕದ ಮುಳ್ಳು ಮೇಲೇರುತ್ತ ಹೋಗುತ್ತದೆ. ನೀಲಂಬೂರಿನ ಬಳಿ ಬೈಪಾಸ್ ರಸ್ತೆಗೆ ಬಿದ್ದು ಗಂಟೆಗೆ 60 ಕಿಲೋಮೀಟರ್ ವೇಗ ಹಿಡಿದೊಡನೆ ಅದೇ ಮುಳ್ಳು ತಾನಾಗಿ ಇಳಿದು ನಡುವಿಗೆ ಬಂದು ನಿಲ್ಲುತ್ತದೆ. ದುಡಿಯುವಾಗ ತಂಪಾಗಿದ್ದು, ವಿರಾಮದಲ್ಲಿ ಕುದಿಯುವ ಯಂತ್ರ ಮೇಲ್ನೋಟಕ್ಕೆ ತರ್ಕಕ್ಕೆ ವಿರುದ್ಧವಾಗಿ ಕಾಣುತ್ತದೆ. ಕನ್ನಡದಲ್ಲಿ 'ಕಾಯು' ಎಂಬ ರೂಪಕ್ಕೆ ಬಿಸಿಯಾಗು ಎಂಬ ಅರ್ಥವೂ ಉಂಟು, ಎದುರುನೋಡು ಎಂಬ ಅರ್ಥವೂ ಉಂಟು. ಸಿಗ್ನಲ್ಲಿನಲ್ಲಿ ನಿಂತ ಇಂತಹ ಕಾರಿಗೆ ಎರಡೂ ಏಕಕಾಲಕ್ಕೆ ಒಪ್ಪುತ್ತವೆ.

ತರ್ಕಕ್ಕೆ ವಿರುದ್ಧವಾಗಿ ಕಾಣುವ ಈ ಲಕ್ಷಣದಲ್ಲೇ ದೋಷದ ಸುಳಿವು ಇದೆ. ನಿಂತಾಗ ಏರಿ ಓಡುವಾಗ ಇಳಿಯುವ ಮುಳ್ಳು, ಕೊರತೆ ಇರುವುದು ಬಹುಮಟ್ಟಿಗೆ ನೀರಿನಲ್ಲಲ್ಲ, ಗಾಳಿಯಲ್ಲಿ ಎಂದು ತಿಳಿಸುತ್ತಿರುತ್ತದೆ. ಆಯುರ್ವೇದದಲ್ಲಿ ರೋಗದ ಕಾರಣವನ್ನು ಗುರುತಿಸುವ ಕ್ರಿಯೆಗೆ 'ನಿದಾನ' ಎಂದು ಹೆಸರು. ಮಹಾಪ್ರಾಣವೊಂದನ್ನು ಸೇರಿಸಿದರೆ ಅದು 'ನಿಧಾನ'ವಾಗುತ್ತದೆ. ಎಂಜಿನ್ನಿನ ವಿಷಯದಲ್ಲಿ ಮೊದಲನೆಯದಕ್ಕೆ ಎರಡನೆಯದೇ ದಾರಿ. ಅವಸರದಲ್ಲಿ ಭಾಗಗಳನ್ನು ಬಿಚ್ಚತೊಡಗಿದವರು ಕೆಲವೇ ರೂಪಾಯಿಗಳ ಫ್ಯೂಸಿನ ದೋಷಕ್ಕೆ ರೇಡಿಯೇಟರನ್ನೇ ಬದಲಿಸಿದ ಉದಾಹರಣೆಗಳಿಗೆ ಯಾವ ಊರಿನಲ್ಲೂ ಬರವಿಲ್ಲ.

ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರವನ್ನು ತಿರುಗಿಸುವ ಕೆಲಸವಾಗಿ ಪರಿಣಮಿಸುತ್ತದೆ. ಇನ್ನೊಂದು ಭಾಗ ಹೊಗೆಕೊಳವೆಯ ಮೂಲಕ ಹೊರಹೋಗುತ್ತದೆ. ಉಳಿದ ಪಾಲು ಎಂಜಿನ್ನಿನ ಲೋಹಕ್ಕೆ ಸೇರುತ್ತದೆ; ಅದನ್ನು ಹೊರಗೆ ಸಾಗಿಸದಿದ್ದರೆ ಕೆಲವೇ ನಿಮಿಷಗಳಲ್ಲಿ ಲೋಹ ಬಾಗುತ್ತದೆ, ಎಣ್ಣೆ ತನ್ನ ಜಿಡ್ಡನ್ನು ಕಳೆದುಕೊಳ್ಳುತ್ತದೆ. ಈ ಸಾಗಣೆಯ ಹೊಣೆ ಶೀತಕ ದ್ರವದ್ದು, ಅಂದರೆ ಕೂಲೆಂಟಿನದು. ಅದನ್ನು ತಳ್ಳುವ ಪಂಪು ಕೊಯಮತ್ತೂರಿನವರಿಗೆ ಹೊಸದಾಗಿ ಪರಿಚಯಿಸಬೇಕಾದ ವಸ್ತುವಲ್ಲ. ಈ ನಗರದಲ್ಲಿ ತಯಾರಾಗಿ ಕರ್ನಾಟಕದ ಹೊಲ ತೋಟಗಳಲ್ಲಿ ನೀರೆತ್ತುತ್ತಿರುವ ಪಂಪುಗಳ ತತ್ತ್ವವೇ ಅಲ್ಲಿಯೂ ಇದೆ. ಇಂಪೆಲ್ಲರ್ ಎಂಬ ಅಲಗುಚಕ್ರ ತಿರುಗಿ ದ್ರವವನ್ನು ಅಂಚಿಗೆ ಎಸೆಯುತ್ತದೆ. ಎಸೆದ ದ್ರವ ಎಂಜಿನ್ನಿನ ಒಡಲಿನ ಕಾಲುವೆಗಳಲ್ಲಿ ಹರಿದು, ಶಾಖವನ್ನು ಹೀರಿ, ರೇಡಿಯೇಟರಿಗೆ ಬಂದು, ಅಲ್ಲಿ ಗಾಳಿಗೆ ಅದನ್ನು ಒಪ್ಪಿಸಿ ಮರಳುತ್ತದೆ. ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲಿದೆ. ಅದರೊಳಗಿನ ಮೇಣ ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ಅದಕ್ಕೆ ಮೊದಲು ದ್ರವ ರೇಡಿಯೇಟರಿನತ್ತ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ.

ಆದ್ದರಿಂದ ನೀರು ಕೇವಲ ಹೊರೆ ಹೊರುವ ಆಳು. ಹೊರೆಯನ್ನು ಇಳಿಸಿಕೊಳ್ಳುವುದು ಗಾಳಿ. ಕಾರು ಓಡುತ್ತಿರುವಾಗ ಎದುರುಗಾಳಿ ತಾನೇ ರೇಡಿಯೇಟರಿನ ಸಣ್ಣ ತಗಡು ರೆಕ್ಕೆಗಳ ನಡುವೆ ನುಗ್ಗುತ್ತದೆ. ನಿಂತಾಗ ಆ ಗಾಳಿಯಿಲ್ಲ. ಆಗ ರೇಡಿಯೇಟರಿನ ಹಿಂದೆ ಕೂರಿಸಿದ ಫ್ಯಾನೊಂದೇ ಗತಿ. ಅದು ತಿರುಗದಿದ್ದರೆ, ಅಥವಾ ತಿರುಗಿಯೂ ಗಾಳಿ ಎಳೆಯದಿದ್ದರೆ, ಓಡುವಾಗ ಯಾರಿಗೂ ತಿಳಿಯದ ಕೊರತೆ ನಿಂತ ಕ್ಷಣದಲ್ಲಿ ಬಯಲಾಗುತ್ತದೆ. ಪಾಲಕ್ಕಾಡಿನ ಕಣಿವೆಯ ಮೂಲಕ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಗಾಳಿಯೇ ಉಡುಮಲಪೇಟೆ, ಪಲ್ಲಡಂ ಸುತ್ತಲಿನ ಗಾಳಿಯಂತ್ರಗಳನ್ನು ತಿರುಗಿಸುವುದು. ಗಾಳಿಗೆ ಮುಖಮಾಡಿ ನಿಂತ ಕಾರಿನ ರೇಡಿಯೇಟರಿಗೂ ಅದರಿಂದ ಅಷ್ಟಿಷ್ಟು ಉಪಕಾರವಾಗುತ್ತದೆ. ಆ ತಿಂಗಳುಗಳಲ್ಲಿ ಅಡಗಿದ್ದ ದೋಷ ಮುಂದಿನ ಮಾರ್ಚಿನಲ್ಲಿ ತಲೆಯೆತ್ತಿದರೆ ಅದು ಹೊಸದೆಂದು ಭ್ರಮಿಸಬಾರದು.

ಹಳೆಯ ಅಂಬಾಸಿಡರ್ ಕಾರುಗಳಲ್ಲಿ, ಜೀಪು ಲಾರಿಗಳಲ್ಲಿ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿಗೇ ಕಟ್ಟಿಕೊಂಡಿತ್ತು. ಎಂಜಿನ್ ತಿರುಗಿದಷ್ಟೂ ಹೊತ್ತು ಫ್ಯಾನೂ ತಿರುಗಲೇಬೇಕು. ಜಿ. ಡಿ. ನಾಯ್ಡು ಅವರು 1920ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ಒಂದೇ ಬಸ್ಸಿನಿಂದ ಸಾರಿಗೆ ಆರಂಭಿಸಿದ್ದು ಅಂತಹ ತಂತ್ರಜ್ಞಾನದ ಕಾಲದಲ್ಲಿ. ಇಂದಿನ ಹೆಚ್ಚಿನ ಕಾರುಗಳಲ್ಲಿ ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟಾರ್ ಇದೆ. ಅದೇ ನಾಯ್ಡು ಅವರು ಡಿ. ಬಾಲಸುಂದರಂ ನಾಯ್ಡು ಅವರೊಡನೆ ಸೇರಿ 1937ರಲ್ಲಿ ಭಾರತದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರನ್ನು ರೂಪಿಸಿದರೆಂಬುದು ಕೊಯಮತ್ತೂರಿನ ಕೈಗಾರಿಕೆಯ ಇತಿಹಾಸದಲ್ಲಿ ದಾಖಲಾದ ಸಂಗತಿ. ಹೀಗಾಗಿ ಫ್ಯಾನಿನ ಮೋಟಾರು ಕೆಟ್ಟರೆ ಅದನ್ನು ಬಿಚ್ಚಿ ಸುರುಳಿ ಸುತ್ತಬಲ್ಲ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಇಂತಹ ಕಾರ್ಯಾಗಾರಗಳನ್ನು ತಮಿಳಿನಲ್ಲಿ 'ಪಟ್ಟರೈ' ಎನ್ನುತ್ತಾರೆ. ಕಮ್ಮಾರರ, ಅಕ್ಕಸಾಲಿಗರ ಅಡಿಗಲ್ಲಿಗೂ ಕೆಲಸದ ಜಾಗಕ್ಕೂ ಕನ್ನಡದಲ್ಲಿದ್ದ 'ಪಟ್ಟಡೆ' ಅದರ ಒಡಹುಟ್ಟಿದ ಪದ. ಕನ್ನಡದಲ್ಲಿ ಅದು ನಿಘಂಟಿನೊಳಗೆ ಸರಿದಿದ್ದರೆ, ಗಡಿಯ ಈಚೆಗೆ ಅಂಗಡಿಯ ಫಲಕದ ಮೇಲೆ ಇನ್ನೂ ಬದುಕಿದೆ.

ಪರೀಕ್ಷೆಯ ಮೊದಲ ಹೆಜ್ಜೆಗೆ ಯಾವ ಉಪಕರಣವೂ ಬೇಡ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ತೆರೆದು, ಎಂಜಿನ್ನನ್ನು ಚಾಲೂ ಇಟ್ಟು ಕಾಯಬೇಕು. ಗ್ಯಾರೇಜಿನವರು 'ಐಡ್ಲಿಂಗ್' ಎನ್ನುವ ಸ್ಥಿತಿ ಇದು. ಎಂಜಿನ್ ನಿಮಿಷಕ್ಕೆ 700ರಿಂದ 900 ಸುತ್ತುಗಳಷ್ಟೇ ತಿರುಗುತ್ತಿರುತ್ತದೆ. ಮುಳ್ಳು ನಡುವನ್ನು ದಾಟುವ ಹೊತ್ತಿಗೆ, ಅಂದರೆ ದ್ರವ ಸುಮಾರು 95ರಿಂದ 100 ಡಿಗ್ರಿಗೆ ಬಂದಾಗ, ಫ್ಯಾನು ಸದ್ದುಮಾಡಿ ತಿರುಗತೊಡಗಬೇಕು. ಕೆಲವು ಡಿಗ್ರಿ ಇಳಿದ ಮೇಲೆ ತಾನೇ ನಿಲ್ಲಬೇಕು. ಮುಳ್ಳು ಏರುತ್ತಲೇ ಇದ್ದು ಫ್ಯಾನು ಮೌನವಾಗಿದ್ದರೆ ಆರೋಪಿ ಸಿಕ್ಕಂತಾಯಿತು. ಕೈ ಮಾತ್ರ ದೂರವಿರಲಿ. ಅನೇಕ ಕಾರುಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನು ಒಮ್ಮೆಗೇ ತಿರುಗುವುದುಂಟು, ಅದರ ಅಲಗಿಗೆ ಬೆರಳಿನ ಪರಿಚಯವಿಲ್ಲ.

ಫ್ಯಾನು ತಿರುಗದಿದ್ದಾಗ ಎ.ಸಿ. ಹಾಕಿ ನೋಡಬೇಕು. ಹೆಚ್ಚಿನ ಕಾರುಗಳಲ್ಲಿ ಎ.ಸಿ. ಚಾಲೂ ಆದಾಗ ದ್ರವದ ಉಷ್ಣತೆ ಎಷ್ಟೇ ಇರಲಿ, ಫ್ಯಾನು ತಿರುಗುವ ಏರ್ಪಾಡಿರುತ್ತದೆ. ಎ.ಸಿ.ಗೆ ತಿರುಗಿ ಬಿಸಿಗೆ ತಿರುಗದಿದ್ದರೆ ಮೋಟಾರು ಸರಿಯಿದೆ, ದ್ರವದ ಬಿಸಿಯನ್ನು ವರದಿಮಾಡಬೇಕಾದ ಸೆನ್ಸರ್ ಅಥವಾ ಸ್ವಿಚ್ಚು ಸುಳ್ಳು ಹೇಳುತ್ತಿದೆ. ಎರಡಕ್ಕೂ ತಿರುಗದಿದ್ದರೆ ಫ್ಯೂಸ್, ರಿಲೇ, ತಂತಿಯ ಜೋಡಣೆ, ಕೊನೆಗೆ ಮೋಟಾರು ಎಂಬ ಕ್ರಮದಲ್ಲಿ ಹುಡುಕಬೇಕು. ಅಗ್ಗದ್ದರಿಂದ ದುಬಾರಿಯತ್ತ ಹೋಗುವುದು ಇದರ ನ್ಯಾಯ. ರಿಲೇ ಮೇಲೆ ಸಂಶಯವಿದ್ದರೆ ಅದೇ ಪೆಟ್ಟಿಗೆಯಲ್ಲಿರುವ, ಅದೇ ಮಾದರಿಯ ಇನ್ನೊಂದು ರಿಲೇಯನ್ನು ಆ ಸ್ಥಾನಕ್ಕೆ ಹಾಕಿ ನೋಡಬಹುದು. ಮೋಟಾರಿನ ಜೋಡಣೆಯನ್ನು ಬಿಡಿಸಿ ಬ್ಯಾಟರಿಯ 12 ವೋಲ್ಟನ್ನು, ಫ್ಯೂಸಿರುವ ತಂತಿಯ ಮೂಲಕ, ನೇರವಾಗಿ ಕೊಟ್ಟಾಗ ಅದು ತಿರುಗದಿದ್ದರೆ, ಅಥವಾ ಕೋಲಿನಿಂದ ಮೆಲ್ಲಗೆ ತಟ್ಟಿದರೆ ಮಾತ್ರ ತಿರುಗಿದರೆ, ಒಳಗಿನ ಇಂಗಾಲದ ಬ್ರಷ್ಷುಗಳು ಸವೆದಿವೆಯೆಂದು ತಿಳಿಯಬೇಕು. ಬೆಲ್ಟಿನ ಫ್ಯಾನುಳ್ಳ ಗಾಡಿಗಳಲ್ಲಿ ಬೆಲ್ಟಿನ ಬಿಗುವನ್ನೂ ಫ್ಯಾನಿನ ನಡುವಿರುವ ಕ್ಲಚ್ಚನ್ನೂ ನೋಡಬೇಕು.

ಫ್ಯಾನು ತಿರುಗುತ್ತಿದ್ದೂ ಮುಳ್ಳು ಏರುವುದೇ ನಿಜವಾದ ತಲೆನೋವು. ಮೊದಲು ಗಾಳಿಯ ದಾರಿಯನ್ನು ನೋಡಬೇಕು. ರೇಡಿಯೇಟರಿನ ಮುಂದೆ ಎ.ಸಿ.ಯ ಕಂಡೆನ್ಸರ್ ನಿಂತಿರುತ್ತದೆ. ಎರಡರ ನಡುವೆ ಬೆರಳಗಲದ ಸಂದು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ, ಕೊಯಮತ್ತೂರಿನ ನೂಲಿನ ಗಿರಣಿಗಳ ಸುತ್ತ ಹತ್ತಿಯ ನವಿರೆಳೆ ಹಾರಾಡುತ್ತಿರುತ್ತದೆ. ಪೊಳ್ಳಾಚಿಯ ಕಡೆ ತೆಂಗಿನ ನಾರಿನ ಧೂಳು. ಅದರೊಡನೆ ರಸ್ತೆಯ ಮಣ್ಣು, ಸತ್ತ ಹುಳು, ಒಣಗಿದ ಎಲೆ ಸೇರಿ ಆ ಸಂದಿನಲ್ಲಿ ಕಂಬಳಿ ಹೊದಿಸಿದಂತಾಗುವುದುಂಟು. ಮುಂಭಾಗದಿಂದ ನೋಡುವವರಿಗೆ ಕಂಡೆನ್ಸರ್ ಶುಭ್ರವಾಗಿ ಕಾಣುತ್ತದೆ, ಕಸ ಹಿಂದೆ ಇರುತ್ತದೆ. ಟಾರ್ಚಿನ ಬೆಳಕನ್ನು ಎಂಜಿನ್ನಿನ ಕಡೆಯಿಂದ ಹಾಯಿಸಿ ಮುಂದಿನಿಂದ ನೋಡಿದರೆ ಎಷ್ಟು ಮುಚ್ಚಿದೆಯೆಂದು ಗೊತ್ತಾಗುತ್ತದೆ. ತೊಳೆಯುವಾಗ ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಮೆದುವಾದ ಧಾರೆಯಲ್ಲಿ ನೀರು ಬಿಡಬೇಕು. ವಾಟರ್ ಸರ್ವೀಸಿನ ಬಿರುಸು ಧಾರೆಯನ್ನು ಹತ್ತಿರದಿಂದ ಹಿಡಿದರೆ ತಗಡಿನ ರೆಕ್ಕೆಗಳು ಮಡಿಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಇನ್ನೆರಡು ಸಣ್ಣ ಸಂಗತಿಗಳು ಅನುಭವಿಗಳನ್ನೂ ಏಮಾರಿಸಬಲ್ಲವು. ಮೋಟಾರು ಬದಲಿಸುವಾಗ ಎರಡು ತಂತಿಗಳು ಅದಲುಬದಲಾದರೆ ಫ್ಯಾನು ಹಿಮ್ಮುಖವಾಗಿ ತಿರುಗುತ್ತದೆ. ಸದ್ದು ಅದೇ, ವೇಗ ಅದೇ. ಗಾಳಿಯನ್ನು ಒಳಕ್ಕೆ ಎಳೆಯುವ ಬದಲು ಬಿಸಿಗಾಳಿಯನ್ನು ಮುಂದಕ್ಕೆ ನೂಕುತ್ತಿರುತ್ತದೆ. ಅಂತಹ ಕಾರು ಓಡುವಾಗಲೂ ಎದುರುಗಾಳಿಯೊಡನೆ ಜಗಳವಾಡುತ್ತದೆ. ಗ್ರಿಲ್ಲಿನ ಮುಂದೆ ತೆಳುವಾದ ಕಾಗದವೊಂದನ್ನು ಹಿಡಿದರೆ ಅದು ಒಳಕ್ಕೆ ಅಂಟಿಕೊಳ್ಳಬೇಕು, ಹೊರಕ್ಕೆ ಹಾರಬಾರದು. ಎರಡನೆಯದು ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ. ಅಪಘಾತದ ದುರಸ್ತಿಯ ನಂತರ ಅದನ್ನು ಮತ್ತೆ ಹಾಕದೆ ಬಿಡುವವರಿದ್ದಾರೆ. ಕವಚವಿಲ್ಲದ ಫ್ಯಾನು ರೇಡಿಯೇಟರಿನ ಮೂಲಕ ಎಳೆಯುವ ಬದಲು ಅಕ್ಕಪಕ್ಕದ ಗಾಳಿಯನ್ನೇ ಕಡೆಯುತ್ತಿರುತ್ತದೆ.

ಗಾಳಿಯ ದಾರಿ ನಿರಪರಾಧಿಯೆಂದು ಖಚಿತವಾದ ಬಳಿಕವೇ ನೀರಿನತ್ತ ತಿರುಗಬೇಕು. ಇಲ್ಲೊಂದು ಸರಳವಾದ ಪರೀಕ್ಷೆಯಿದೆ. ಮುಳ್ಳು ಏರಿ, ಕೆಂಪು ಗೆರೆಗೆ ಇನ್ನೂ ದೂರವಿರುವಾಗ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ನಿಂತಲ್ಲೇ ಆಕ್ಸಿಲರೇಟರ್ ತುಳಿದು ಎಂಜಿನ್ನನ್ನು 2000 ಸುತ್ತಿಗೆ ಏರಿಸಬೇಕು. ವಿದ್ಯುತ್ ಫ್ಯಾನಿನ ಕಾರಿನಲ್ಲಿ ಇದರಿಂದ ಗಾಳಿ ಹೆಚ್ಚುವುದಿಲ್ಲ, ಪಂಪಿನ ವೇಗ ಮಾತ್ರ ಹೆಚ್ಚುತ್ತದೆ. ಮುಳ್ಳು ಇಳಿದರೆ ಐಡ್ಲಿಂಗಿನಲ್ಲಿ ದ್ರವ ಸಾಕಷ್ಟು ಹರಿಯುತ್ತಿರಲಿಲ್ಲವೆಂದು ಅರ್ಥ. ದ್ರವ ಕಡಿಮೆಯಾಗಿರಬಹುದು, ಕಾಲುವೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರಬಹುದು, ಬೆಲ್ಟು ಜಾರುತ್ತಿರಬಹುದು, ಇಂಪೆಲ್ಲರಿನ ಅಲಗುಗಳು ತುಕ್ಕಿಗೆ ಸವೆದಿರಬಹುದು. ಸವೆದ ಅಲಗಿನ ಪಂಪು ಮೇಲುವೇಗದಲ್ಲಿ ಹೇಗೋ ನಿಭಾಯಿಸಿ ಕೆಳವೇಗದಲ್ಲಿ ಕೈಚೆಲ್ಲುವುದನ್ನು ಬಾವಿಯ ಪಂಪುಸೆಟ್ಟು ನೋಡಿದ ರೈತರು ಕೂಡಲೇ ಗ್ರಹಿಸುತ್ತಾರೆ. ಮೇಲಿನ ಹೋಸ್ ಸುಡುವಷ್ಟು ಬಿಸಿಯಾಗಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಸಿಕ್ಕಿಕೊಂಡಿರುವ ಅಥವಾ ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಆದರೆ ಆಗ ಓಟದಲ್ಲಿಯೂ ಏರಿನಲ್ಲಿಯೂ ಮುಳ್ಳು ಏರುತ್ತದೆ, ನಿಂತಾಗ ಮಾತ್ರವಲ್ಲ.

ಕೊಯಮತ್ತೂರಿನಿಂದ ಸತ್ಯಮಂಗಲ, ಬಣ್ಣಾರಿ ದಾಟಿ ಚಾಮರಾಜನಗರಕ್ಕೆ ಹೋಗುವವರಿಗೆ ದಿಂಬಂ ಘಾಟಿಯ 27 ತಿರುವುಗಳು ಈ ವ್ಯತ್ಯಾಸವನ್ನು ಚೆನ್ನಾಗಿ ಕಲಿಸುತ್ತವೆ. ಅಲ್ಲಿ ಎಂಜಿನ್ ಪೂರ್ಣಬಲದಲ್ಲಿ ದುಡಿಯುತ್ತಿರುತ್ತದೆ, ಗಾಡಿಯ ವೇಗ ಮಾತ್ರ ಎತ್ತಿನಗಾಡಿಯದು. ಶಾಖ ಹೆಚ್ಚು, ಎದುರುಗಾಳಿ ಕಡಿಮೆ. ಸಿಗ್ನಲ್ಲಿನಲ್ಲಿ ಸ್ವಲ್ಪವೇ ಏರುತ್ತಿದ್ದ ಮುಳ್ಳು ಅಲ್ಲಿ ಕೆಂಪನ್ನು ಮುಟ್ಟುತ್ತದೆ. ಆಳಿಯಾರಿನಿಂದ ವಾಲ್ಪಾರೈಗೆ ಏರುವ 40 ತಿರುವುಗಳ ಮಾತೂ ಇದೇ. ಊರೊಳಗಿನ ಸಣ್ಣ ಲಕ್ಷಣವನ್ನು ಕಡೆಗಣಿಸಿ ಘಾಟಿ ಹತ್ತುವುದು ಬುದ್ಧಿವಂತಿಕೆಯಲ್ಲ.

ಯಾವ ನೀರನ್ನು ಹಾಕಬೇಕೆಂಬ ಪ್ರಶ್ನೆ ಈ ಎರಡು ಜಿಲ್ಲೆಗಳಲ್ಲಿ ವಿಶೇಷವಾಗಿ ಮಹತ್ವದ್ದು. ಕೊಯಮತ್ತೂರಿನ ಸಿರುವಾಣಿ ನೀರು ತನ್ನ ಸವಿಗೂ ಮೆದುತನಕ್ಕೂ ಹೆಸರಾದದ್ದು. ಆದರೆ ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸು. ತಿರುಪ್ಪೂರಿನ ನೊಯ್ಯಲ್ ಹೊಳೆಯ ಬಯಲಿನಲ್ಲಿ ಬಣ್ಣದ ಕಾರ್ಖಾನೆಗಳ ತ್ಯಾಜ್ಯ ಸೇರಿ ಅಂತರ್ಜಲದ ಉಪ್ಪಿನಂಶ ಇನ್ನೂ ಏರಿತು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾದ ಸ್ಥಿತಿ ಬಂತು. ಇಂತಹ ನೀರನ್ನು ರೇಡಿಯೇಟರಿಗೆ ಸುರಿದರೆ ಸ್ನಾನದ ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುವಂತೆಯೇ ಎಂಜಿನ್ನಿನ ಕಾಲುವೆಗಳಲ್ಲೂ ಸುಣ್ಣದ ಪದರ ಕಟ್ಟುತ್ತದೆ. ಶಾಖ ಲೋಹದಲ್ಲಿ ಹರಿದಂತೆ ಸುಣ್ಣದಲ್ಲಿ ಹರಿಯದು. ದಿನದಿನಕ್ಕೆ ಶೀತಲೀಕರಣದ ಶಕ್ತಿ ಕುಗ್ಗುತ್ತ, ಒಳ್ಳೆಯ ಫ್ಯಾನೂ ಸಾಲದಾಗುತ್ತದೆ. ತಯಾರಕರು ಸೂಚಿಸಿದ ಕೂಲೆಂಟನ್ನು ಭಟ್ಟಿಯಿಳಿಸಿದ ನೀರಿನೊಡನೆ, ಸಾಮಾನ್ಯವಾಗಿ ಸಮಪ್ರಮಾಣದಲ್ಲಿ, ಬೆರೆಸಿ ಹಾಕುವುದೇ ಸರಿ. ನೀರು ಹೆಪ್ಪುಗಟ್ಟುವ ಚಳಿ ಇಲ್ಲಿಲ್ಲವಾದ್ದರಿಂದ ಕೂಲೆಂಟ್ ಬೇಡವೆಂಬ ವಾದ ಆಗಾಗ ಕೇಳಿಬರುತ್ತದೆ. ಆ ವಾದ ತಪ್ಪು. ಕೂಲೆಂಟು ತುಕ್ಕನ್ನು ತಡೆಯುತ್ತದೆ, ಕುದಿಬಿಂದುವನ್ನೂ ಏರಿಸುತ್ತದೆ.

ಕುದಿಬಿಂದುವಿನ ಮಾತು ಬಂದಾಗ ರೇಡಿಯೇಟರಿನ ಮುಚ್ಚಳವನ್ನು ಮರೆಯಲಾಗದು. ಅದು ಬರಿಯ ಮುಚ್ಚಳವಲ್ಲ. ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡವನ್ನು ಹಿಡಿದಿಡುವ ಸ್ಪ್ರಿಂಗು ಅದರಲ್ಲಿದೆ. ಆ ಒತ್ತಡದಲ್ಲಿ ಬರಿಯ ನೀರು ಕೂಡ 100 ಡಿಗ್ರಿಗೆ ಕುದಿಯದೆ 120 ಡಿಗ್ರಿಯ ಹತ್ತಿರದವರೆಗೆ ನೀರಾಗಿಯೇ ಉಳಿಯುತ್ತದೆ. ಮುಚ್ಚಳದ ರಬ್ಬರು ಬಿರಿದರೆ ಈ ರಕ್ಷಣೆ ಹೋಗುತ್ತದೆ. ಬೇರೆಲ್ಲ ಸರಿಯಿದ್ದೂ ದ್ರವ ಕುದಿದು ಚೆಲ್ಲುತ್ತದೆ. ಅಪಾಯ ಇರುವುದೂ ಅಲ್ಲಿಯೇ. ಬಿಸಿ ಎಂಜಿನ್ನಿನ ಮುಚ್ಚಳವನ್ನು ತೆರೆದ ಕ್ಷಣ ಒತ್ತಡ ಕುಸಿಯುತ್ತದೆ, 110 ಡಿಗ್ರಿಯಲ್ಲಿ ಸುಮ್ಮನಿದ್ದ ನೀರು ಒಮ್ಮೆಗೇ ಹಬೆಯಾಗಿ ತೆರೆದವರ ಮುಖಕ್ಕೂ ಎದೆಗೂ ಚಿಮ್ಮುತ್ತದೆ. ಬಟ್ಟೆ ಸುತ್ತಿ ತಿರುಗಿಸಿದರೆ ಸಾಕೆಂಬ ನಂಬಿಕೆ ಅನೇಕರ ಕೈಯನ್ನು ಸುಟ್ಟಿದೆ. ಎಂಜಿನ್ ನಿಲ್ಲಿಸಿ ಕಡಿಮೆಯೆಂದರೆ ಅರ್ಧ ಗಂಟೆ, ಬಿಸಿಲಿನಲ್ಲಿ ಇನ್ನೂ ಹೆಚ್ಚು ಹೊತ್ತು ಬಿಟ್ಟು, ಮೇಲಿನ ಹೋಸನ್ನು ಹಿಸುಕಿದಾಗ ಅದು ಮೆತ್ತಗಾಗಿದ್ದರೆ ಮಾತ್ರ ಮುಚ್ಚಳಕ್ಕೆ ಕೈಹಾಕಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಅಷ್ಟೇ ಕೆಡುಕು. ಕಾದ ಕಲ್ಲಿನ ಮೇಲೆ ತಣ್ಣೀರು ಬಿದ್ದಂತೆ ಸಿಲಿಂಡರ್ ಹೆಡ್ ಬಿರಿಯಬಹುದು.

ರಸ್ತೆಯ ನಡುವೆ ಮುಳ್ಳು ಏರತೊಡಗಿದಾಗ ಎ.ಸಿ.ಯನ್ನು ಆರಿಸಿ, ಹೀಟರನ್ನು ಪೂರ್ಣವಾಗಿ ತಿರುಗಿಸಿ ಕಿಟಕಿಗಳನ್ನು ಇಳಿಸಬೇಕು. ಏಪ್ರಿಲ್ಲಿನ ಬಿಸಿಲಿನಲ್ಲಿ ಹೀಟರ್ ಹಾಕುವುದು ಶಿಕ್ಷೆಯಂತೆ ತೋರಿದರೂ, ಹೀಟರಿನೊಳಗಿರುವುದು ಒಂದು ಪುಟ್ಟ ರೇಡಿಯೇಟರೇ. ಎಂಜಿನ್ನಿನ ಶಾಖದ ಒಂದು ಪಾಲನ್ನು ಅದು ಒಳಗೆ ಕುಳಿತವರ ಕಾಲಬುಡಕ್ಕೆ ತಂದು ಸುರಿದು ಎಂಜಿನ್ನನ್ನು ಉಳಿಸುತ್ತದೆ. ಮುಳ್ಳು ಕೆಂಪನ್ನು ಮುಟ್ಟಿದರೆ ಮಾತ್ರ ಚರ್ಚೆಯಿಲ್ಲದೆ ಗಾಡಿಯನ್ನು ಬದಿಗೆ ತಂದು ಎಂಜಿನ್ ನಿಲ್ಲಿಸಬೇಕು. ಇನ್ನೆರಡು ಕಿಲೋಮೀಟರಿನಲ್ಲಿ ಊರು ಬರುತ್ತದೆಂದು ಓಡಿಸಿದ ಬಾಡಿಗೆ ಕಾರಿನ ಹೆಡ್ ಬಾಗಿದರೆ ದುರಸ್ತಿಯ ವೆಚ್ಚ ಸಾವಿರಗಳಲ್ಲಿ ಬೆಳೆಯುತ್ತದೆ. ಗಾಡಿ ಗ್ಯಾರೇಜಿನಲ್ಲಿ ಕುಳಿತ ಅಷ್ಟೂ ದಿನ ಚಾಲಕನ ಮನೆಯ ಒಲೆಗೂ ಕಷ್ಟ.

ಹೆಡ್ ಮತ್ತು ಬ್ಲಾಕಿನ ನಡುವಿನ ಗ್ಯಾಸ್ಕೆಟ್ ಸುಟ್ಟಿದ್ದರೆ ಕಥೆ ಬೇರೆ. ಹೊರಗೆಲ್ಲೂ ಸೋರದೆ ದ್ರವ ಕಡಿಮೆಯಾಗುವುದು, ಎಂಜಿನ್ ಓಡುತ್ತಿರುವಾಗ ಕೂಲೆಂಟ್ ಟ್ಯಾಂಕಿನಲ್ಲಿ ಎಡೆಬಿಡದೆ ಗುಳ್ಳೆಗಳೇಳುವುದು, ಬಿಸಿಯಾದ ಬಳಿಕವೂ ಹಿಂದಿನ ಕೊಳವೆಯಿಂದ ದಟ್ಟ ಬಿಳಿ ಹೊಗೆ ಬರುವುದು, ಎಣ್ಣೆ ಹಾಲು ಬೆರೆತಂತೆ ಕಾಣುವುದು ಅದರ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಮನೆಯ ಪ್ರಯೋಗಗಳನ್ನು ನಿಲ್ಲಿಸಿ ಬಲ್ಲ ಮೆಕ್ಯಾನಿಕ್ಕಿಗೆ ಒಪ್ಪಿಸಬೇಕು.

ಇನ್ನು ಎರಡು ರೂಢಿಯ ಮದ್ದುಗಳ ಬಗ್ಗೆ. ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವುದು ಮೊದಲನೆಯದು. 'ಈ ಊರಿನ ಬಿಸಿಲಿಗೆ ಅದೇಕೆ' ಎಂಬುದು ಅದರ ಸಮರ್ಥನೆ. ಫ್ಯಾನು ತಿರುಗದ ಕಾರಿನ ಥರ್ಮೋಸ್ಟಾಟ್ ಕೀಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ನಿಂತಾಗಿನ ಬಿಸಿ ಹಾಗೆಯೇ ಉಳಿಯುತ್ತದೆ, ಓಡುವಾಗ ಎಂಜಿನ್ ತಕ್ಕ ಕಾವಿಗೆ ಬಾರದೆ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ. ಫ್ಯಾನಿನ ತಂತಿಯನ್ನು ನೇರವಾಗಿ ಇಗ್ನಿಷನ್ನಿಗೆ ಕೊಟ್ಟು ಸದಾ ತಿರುಗುವಂತೆ ಮಾಡುವುದು ಎರಡನೆಯದು. ದಾರಿಯ ನಡುವೆ ಮನೆ ಸೇರಲು ಅದು ಒಳ್ಳೆಯ ಉಪಾಯವೇ. ಶಾಶ್ವತ ಪರಿಹಾರವಾಗಿ ಉಳಿಸಿಕೊಂಡರೆ ಮೋಟಾರು ಬೇಗ ಸವೆಯುತ್ತದೆ, ಸೆನ್ಸರಿನ ನಿಜವಾದ ದೋಷ ಮರೆತೇ ಹೋಗುತ್ತದೆ.

ದುರಸ್ತಿ ಮುಗಿದ ಮೇಲೆ ಗ್ಯಾರೇಜಿನಿಂದ ಕೂಡಲೇ ಹೊರಡಬಾರದು. ಬಿಸಿಲೇರಿದ ಹೊತ್ತಿನಲ್ಲಿ ಕಾರನ್ನು ಇಪ್ಪತ್ತು ನಿಮಿಷ ನಿಂತಲ್ಲೇ ಚಾಲೂ ಇಟ್ಟು, ಎ.ಸಿ. ಇಲ್ಲದೆ ಫ್ಯಾನು ಎರಡು ಬಾರಿಯಾದರೂ ತಾನೇ ತಿರುಗಿ ತಾನೇ ನಿಂತದ್ದನ್ನು ಕಣ್ಣಾರೆ ನೋಡಬೇಕು, ಆಮೇಲೆ ಎ.ಸಿ. ಹಾಕಿ ಇನ್ನೊಮ್ಮೆ. ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಟ್ಯಾಂಕಿನಲ್ಲಿ ದ್ರವದ ಮಟ್ಟ ಎಲ್ಲಿದೆಯೆಂದು ಗುರುತು ಹಾಕಿ, ವಾರದ ನಂತರ ಅದೇ ಹೊತ್ತಿಗೆ ಮತ್ತೆ ನೋಡಬೇಕು. ಅದು ಗುರುತಿನಿಂದ ಇಳಿದಿದ್ದರೆ ಎಲ್ಲಿಯೋ ಸೋರಿಕೆ ಉಳಿದಿದೆ, ಹುಡುಕಾಟವನ್ನು ಮುಂದುವರಿಸಬೇಕು.